ರಾಜಾಜಿ ಮತ್ತು ನವರತ್ನ ರಾಮರಾಯರು: ಕಾಲೇಜಿನಲ್ಲಿ ಹುಟ್ಟಿದ ಒಂದು ಸ್ನೇಹ

ಬೆಂಗಳೂರಿನಿಂದ ಆಗ್ನೇಯಕ್ಕೆ ಸಾಗುವ ಹೆದ್ದಾರಿಯಲ್ಲಿ ಅತ್ತಿಬೆಲೆಯನ್ನು ದಾಟಿದೊಡನೆ ತಮಿಳುನಾಡಿನ ಗಡಿ ಬರುತ್ತದೆ. ಅಲ್ಲಿಂದ ಕೂಗಳತೆಯಲ್ಲಿ ಹೊಸೂರು. ಹೊಸೂರಿಗೆ ಸಮೀಪದಲ್ಲಿ ತೊರಪಳ್ಳಿ ಎಂಬ ಹಳ್ಳಿ. ಈ ಸೀಮೆಯಲ್ಲಿ ಮನೆಯೊಳಗೆ ಒಂದು ಮಾತು, ಸಂತೆಯಲ್ಲಿ ಇನ್ನೊಂದು ಮಾತು, ಕಚೇರಿಯಲ್ಲಿ ಮತ್ತೊಂದು ಮಾತು ಎಂಬುದು ತಲೆಮಾರುಗಳಿಂದ ನಡೆದು ಬಂದ ರೂಢಿ. ಕನ್ನಡ, ತೆಲುಗು, ತಮಿಳುಗಳು ಇಲ್ಲಿ ನೆರೆಮನೆಯವರಂತೆ ಬದುಕಿವೆ. 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ಬಾರಾಮಹಲ್ ಮತ್ತು ಸೇಲಂ ಪ್ರಾಂತಗಳು ಟಿಪ್ಪು ಸುಲ್ತಾನನ ಕೈತಪ್ಪಿ ಕಂಪನಿ ಸರ್ಕಾರಕ್ಕೆ ಸೇರಿದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಹೊಸೂರು ಸೀಮೆಯೂ ಅವುಗಳ ಹಿಂದೆಯೇ ಹೋಯಿತು. ಹೀಗೆ ಮೈಸೂರಿನ ನೆಲ ಮದರಾಸು ಆಧಿಪತ್ಯದ ಸೇಲಂ ಜಿಲ್ಲೆಯ ಭಾಗವಾಯಿತು. ಸ್ವಾತಂತ್ರ್ಯಾನಂತರ, 1965ರಲ್ಲಿ ಸೇಲಂ ಜಿಲ್ಲೆಯನ್ನು ಒಡೆದು ಧರ್ಮಪುರಿ ಜಿಲ್ಲೆಯನ್ನು ರಚಿಸಿದಾಗ ತೊರಪಳ್ಳಿ ಧರ್ಮಪುರಿಗೆ ಸೇರಿತು. 2004ರಲ್ಲಿ ಧರ್ಮಪುರಿಯಿಂದ ಕೃಷ್ಣಗಿರಿ ಬೇರ್ಪಟ್ಟಾಗ ಕೃಷ್ಣಗಿರಿಯ ಪಾಲಿಗೆ ಬಂದಿತು. ಜಿಲ್ಲೆಯ ಹೆಸರು ಎರಡು ಸಲ ಬದಲಾದರೂ ಊರಿನ ಜನರ ಮಾತಿನ ಮಿಶ್ರಣ ಮಾತ್ರ ಬದಲಾಗಲಿಲ್ಲ.

ಈ ತೊರಪಳ್ಳಿಯಲ್ಲಿ 1878ರ ಡಿಸೆಂಬರ್ ತಿಂಗಳಲ್ಲಿ ಚಕ್ರವರ್ತಿ ರಾಜಗೋಪಾಲಾಚಾರಿ ಜನಿಸಿದರು. ಮುಂದೆ ಇಡೀ ದೇಶ ಅವರನ್ನು ರಾಜಾಜಿ ಎಂದು ಕರೆಯಿತು. ತಂದೆ ಚಕ್ರವರ್ತಿ ವೆಂಕಟಾರ್ಯ ಅಯ್ಯಂಗಾರ್ಯರು ಗ್ರಾಮದ ಮುನ್ಸೀಫರು, ತಾಯಿ ಸಿಂಗಾರಮ್ಮ. ಮೂವರು ಗಂಡುಮಕ್ಕಳಲ್ಲಿ ಇವರೇ ಕಿರಿಯರು. ಮಗು ಬಲಹೀನ, ಬದುಕಿ ಉಳಿದೀತೋ ಇಲ್ಲವೋ ಎಂಬ ಆತಂಕ ತಂದೆತಾಯಿಗಳನ್ನು ಬಹುಕಾಲ ಕಾಡಿತು. ಇದರ ಮೇಲೆ ಚಿಕ್ಕಂದಿನಿಂದಲೇ ಸಮೀಪದೃಷ್ಟಿಯ ದೋಷ ಬೇರೆ. ಮಗನಿಗೆ ಐದು ವರ್ಷ ತುಂಬುವ ವೇಳೆಗೆ ಕುಟುಂಬ ಹೊಸೂರಿಗೆ ಬಂದು ನೆಲಸಿತು. ಹೊಸೂರಿನ ಸರ್ಕಾರಿ ಶಾಲೆಯಲ್ಲಿ ಓದು ಸಾಗಿತು. 1891ರಲ್ಲಿ, ಹದಿಮೂರರ ಆಸುಪಾಸಿನ ವಯಸ್ಸಿನಲ್ಲಿ, ಮೆಟ್ರಿಕ್ಯುಲೇಷನ್ ಪರೀಕ್ಷೆ ತೇರ್ಗಡೆಯಾಯಿತು.

ಮುಂದಿನ ವಿದ್ಯಾಭ್ಯಾಸಕ್ಕೆ ಹುಡುಗನನ್ನು ಕಳುಹಿಸಿದ್ದು ಬೆಂಗಳೂರಿನ ಸೆಂಟ್ರಲ್ ಕಾಲೇಜಿಗೆ. ಹೊಸೂರಿಗೆ ಜಿಲ್ಲಾ ಕೇಂದ್ರವಾದ ಸೇಲಂ ದೂರ. ನಡುವೆ ಕೃಷ್ಣಗಿರಿ, ಧರ್ಮಪುರಿಗಳನ್ನು ಹಾಯ್ದು ತೊಪ್ಪೂರಿನ ಘಟ್ಟವನ್ನು ಇಳಿಯಬೇಕು. ಬೆಂಗಳೂರಾದರೋ ಇಪ್ಪತ್ತೈದು ಮೈಲಿಯ ಹಾದಿ. ರಾಜಕೀಯದ ಗೆರೆ ಊರನ್ನು ಮದರಾಸಿನ ಕಡೆಗೆ ಎಳೆದಿದ್ದರೂ ಬದುಕಿನ ದಾರಿ ಮೈಸೂರು ಸಂಸ್ಥಾನದ ಕಡೆಗೇ ಇತ್ತು. ಸೆಂಟ್ರಲ್ ಕಾಲೇಜು ಆಗ ಮದರಾಸು ವಿಶ್ವವಿದ್ಯಾನಿಲಯಕ್ಕೆ ಸಂಯೋಜನೆಗೊಂಡಿತ್ತು. ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾಗಲು ಇನ್ನೂ ಇಪ್ಪತ್ತೈದು ವರ್ಷ ಕಳೆಯಬೇಕಾಗಿತ್ತು. ಆದ್ದರಿಂದ ಸಂಸ್ಥಾನದ ಕನ್ನಡ ಹುಡುಗರೂ ಮದರಾಸು ಸೀಮೆಯ ತಮಿಳು, ತೆಲುಗು ಹುಡುಗರೂ ಒಂದೇ ಪಠ್ಯವನ್ನು ಓದಿ, ಒಂದೇ ಪರೀಕ್ಷೆಯನ್ನು ಎದುರಿಸುತ್ತಿದ್ದರು.

ಹದಿಮೂರರ ಹಳ್ಳಿಯ ಹುಡುಗನೊಬ್ಬ ಇಂಥ ಕಾಲೇಜಿಗೆ ಕಾಲಿಡುವುದೆಂದರೆ ಏನು ಎಂಬುದನ್ನು ಇಂದಿನ ವಿದ್ಯಾರ್ಥಿಗಳು ಊಹಿಸಿಕೊಳ್ಳಬಹುದು. ತರಗತಿಯಲ್ಲಿ ಹೆಚ್ಚಿನವರು ತನಗಿಂತ ಹಿರಿಯರು, ಮೈಕಟ್ಟಿನಲ್ಲಿ ಬಲಿಷ್ಠರು. ನಗರದಲ್ಲೇ ಹುಟ್ಟಿ ಬೆಳೆದವರಿಗೆ ಅಲ್ಲಿ ಮೊದಲಿನಿಂದಲೂ ಬಳಗವುಂಟು. ಹೊರಗಿನಿಂದ ಬಂದವನಿಗೆ ಎಲ್ಲವೂ ಹೊಸದು. ಆಟದ ಬಯಲಿನಲ್ಲಿ ಹೆಸರು ಗಳಿಸೋಣವೆಂದರೆ ದೇಹದಲ್ಲಿ ತ್ರಾಣವಿಲ್ಲ, ಕಣ್ಣಿನಲ್ಲಿ ಶಕ್ತಿಯಿಲ್ಲ. ಉಳಿದದ್ದು ಒಂದೇ ದಾರಿ: ಪುಸ್ತಕ ಮತ್ತು ಮಾತು. ಪುಸ್ತಕವನ್ನು ಒಬ್ಬನೇ ಓದಬಹುದು. ಓದಿದ್ದನ್ನು ಕುರಿತು ಮಾತನಾಡಲು ಮಾತ್ರ ಇನ್ನೊಬ್ಬ ಬೇಕು.

ಆ ಇನ್ನೊಬ್ಬನಾಗಿ ದೊರೆತವರು ನವರತ್ನ ರಾಮರಾಯರು. ಅವರು ಮೈಸೂರು ಸಂಸ್ಥಾನದ ಕನ್ನಡಿಗರು. ವಯಸ್ಸಿನಲ್ಲಿ ರಾಜಗೋಪಾಲಾಚಾರಿಯವರ ಓರಗೆಯವರೇ. ಮನೆತನ ಬೇರೆ, ಮನೆಮಾತು ಬೇರೆ, ಆಳುವ ಸರ್ಕಾರವೂ ಬೇರೆ. ಇಬ್ಬರನ್ನು ಹತ್ತಿರ ತಂದದ್ದು ಸಾಹಿತ್ಯದ ರುಚಿ. ಇಂಗ್ಲಿಷ್ ಸಾಹಿತ್ಯವನ್ನು ಬೋಧಿಸುತ್ತಿದ್ದ ಜಾನ್ ಗತ್ರಿ ಟೇಟ್ ಎಂಬ ಸ್ಕಾಟ್ಲೆಂಡಿನ ಪ್ರಾಧ್ಯಾಪಕರು, ಮುಂದೆ ಅದೇ ಕಾಲೇಜಿನ ಪ್ರಿನ್ಸಿಪಾಲರೂ ಆದವರು, ವಿದ್ಯಾರ್ಥಿಗಳಲ್ಲಿ ಈ ರುಚಿಯನ್ನು ಬೆಳೆಸಿದರು. ಒಬ್ಬ ಗುರುವಿನ ಪಾಠವನ್ನು ಒಟ್ಟಿಗೆ ಕೇಳಿ ಒಟ್ಟಿಗೆ ಮೆಚ್ಚಿದ ಇಬ್ಬರ ನಡುವೆ ಏರ್ಪಡುವ ನಂಟು ವಿಶೇಷವಾದದ್ದು. ಅದರಲ್ಲಿ ಕೊಡುಕೊಳ್ಳುವ ಲೆಕ್ಕವಿಲ್ಲ. ಒಬ್ಬನಿಗೆ ಹೊಳೆದ ಅರ್ಥ ಇನ್ನೊಬ್ಬನಿಗೂ ದಕ್ಕಿದಾಗ ಇಬ್ಬರ ಸಂತೋಷವೂ ಹೆಚ್ಚುತ್ತದೆ. ರಾಜಾಜಿಯವರ ಹರಿತವಾದ ಇಂಗ್ಲಿಷ್ ಗದ್ಯಕ್ಕೂ ರಾಮರಾಯರ ತಿಳಿಯಾದ ಕನ್ನಡ ಗದ್ಯಕ್ಕೂ ಮೂಲ ಒಂದೇ ಬೆಂಚಿನ ಮೇಲೆ ಇತ್ತೆಂದರೆ ತಪ್ಪಾಗಲಾರದು.

ಕಾಲೇಜಿನ ಮೊದಲ ವರ್ಷದಲ್ಲಿ ಸ್ನೇಹಗಳು ಬೇಗ ಹುಟ್ಟುತ್ತವೆ. ಪಕ್ಕದಲ್ಲಿ ಕುಳಿತದ್ದು, ಒಂದೇ ಊರಿನಿಂದ ಬಂದದ್ದು, ಒಂದೇ ಕೋಣೆಯಲ್ಲಿ ವಾಸವಾದದ್ದು, ಒಂದೇ ಭಯವನ್ನು ಅನುಭವಿಸಿದ್ದು, ಇಷ್ಟೇ ಸಾಕು. ಆದರೆ ಕಾಲೇಜು ಮುಗಿದೊಡನೆ ಅವುಗಳಲ್ಲಿ ಬಹುಪಾಲು ಸದ್ದಿಲ್ಲದೆ ಮಾಸಿಹೋಗುತ್ತವೆ. ಜಗಳವಾಡಿ ಮುರಿಯುವ ಸ್ನೇಹಗಳು ಕಡಮೆ. ಕಾಗದ ಬರೆಯುವುದನ್ನು ಮರೆತು ಮುಗಿಯುವ ಸ್ನೇಹಗಳೇ ಹೆಚ್ಚು. ಸೆಂಟ್ರಲ್ ಕಾಲೇಜಿನ ಆ ಇಬ್ಬರ ಮುಂದೆಯೂ ಇದೇ ಅಪಾಯವಿತ್ತು. ಪದವಿಯ ನಂತರ ಇಬ್ಬರ ದಾರಿಗಳೂ ಕವಲೊಡೆದವು. ರಾಜಗೋಪಾಲಾಚಾರಿಯವರು ಮದರಾಸಿನಲ್ಲಿ ಕಾನೂನು ಓದಿ ಸೇಲಂ ಪಟ್ಟಣವನ್ನು ಸೇರಿದರು. ರಾಮರಾಯರು ಮೈಸೂರು ಸರ್ಕಾರದ ಸೇವೆಯನ್ನು ಸೇರಿ ಅಮಲ್ದಾರರಾದರು.

ಅಮಲ್ದಾರಿಕೆಯೆಂದರೆ ಆ ಕಾಲದಲ್ಲಿ ತಾಲ್ಲೂಕಿನ ಪಾಲಿಗೆ ಸರ್ಕಾರವೇ. ಕಂದಾಯದ ವಸೂಲಿ, ಜಮೀನಿನ ತಂಟೆ, ಕೆರೆಕಟ್ಟೆಗಳ ದುರಸ್ತಿ, ಸಣ್ಣಪುಟ್ಟ ಅಪರಾಧಗಳ ವಿಚಾರಣೆ, ಜಾತ್ರೆಯ ಬಂದೋಬಸ್ತು ಎಲ್ಲವೂ ಅವನ ಹೆಗಲಿಗೆ. ಕುದುರೆಯ ಮೇಲೋ ಗಾಡಿಯಲ್ಲೋ ಹಳ್ಳಿಹಳ್ಳಿ ತಿರುಗಿ ಜನರ ಕಷ್ಟಸುಖ ಕೇಳಬೇಕು. ಈ ಅನುಭವದಿಂದಲೇ ಮುಂದೆ ಅವರ ‘ಕೆಲವು ನೆನಪುಗಳು’ ಎಂಬ ಕೃತಿ ಹುಟ್ಟಿತು. ಕನ್ನಡದ ಆತ್ಮಕಥನ ಸಾಹಿತ್ಯದಲ್ಲಿ ಅದಕ್ಕೆ ಹಿರಿಯ ಸ್ಥಾನವಿದೆ. ಸಂಸ್ಥಾನದ ರೇಷ್ಮೆ ಉದ್ಯಮದ ಅಭಿವೃದ್ಧಿಯ ಹೊಣೆಯೂ ಅವರ ಪಾಲಿಗೆ ಬಂದಿತು. ಇಂದು ಗಡಿಯ ಎರಡೂ ಬದಿಗೆ, ಅತ್ತ ರಾಮನಗರದ ಕಡೆಗೂ ಇತ್ತ ಹೊಸೂರು, ದೇನ್ಕನಿಕೋಟೆಗಳ ಕಡೆಗೂ ಹಿಪ್ಪುನೇರಳೆಯ ತೋಟಗಳು ಹಬ್ಬಿರುವುದನ್ನು ಕಂಡಾಗ, ಗೆಳೆಯನ ಹುಟ್ಟೂರಿನ ಸೀಮೆಗೂ ರಾಮರಾಯರ ಕಸುಬಿಗೂ ಒಂದು ನಂಟು ಉಳಿದುಕೊಂಡಂತೆ ತೋರುತ್ತದೆ.

ಇತ್ತ ರಾಜಗೋಪಾಲಾಚಾರಿಯವರು 1900ರ ಸುಮಾರಿಗೆ ಸೇಲಂನಲ್ಲಿ ವಕೀಲಿ ಆರಂಭಿಸಿದರು. ಕ್ರಿಮಿನಲ್ ಮೊಕದ್ದಮೆಗಳಲ್ಲಿ ಅವರ ಹೆಸರು ಬೇಗನೆ ಹಬ್ಬಿತು. 1911ರಲ್ಲಿ ನಗರಸಭೆಯ ಸದಸ್ಯರಾದರು. 1917ರಿಂದ 1919ರವರೆಗೆ ಅಧ್ಯಕ್ಷರಾಗಿದ್ದರು. ಸೇಲಂನಲ್ಲಿ ಅವರಿಗೆ ಬೇರೆ ಬಗೆಯ ಸ್ನೇಹಗಳು ದೊರೆತವು. ತಮಗಿಂತ ಇಪ್ಪತ್ತಾರು ವರ್ಷ ಹಿರಿಯರಾದ ಸೇಲಂ ವಿಜಯರಾಘವಾಚಾರ್ಯರು, ಮುಂದೆ 1920ರ ನಾಗಪುರ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷರಾದವರು, ಸಾರ್ವಜನಿಕ ಜೀವನದ ಮೊದಲ ಪಾಠಗಳಿಗೆ ಮಾದರಿಯಾದರು. 1916ರಲ್ಲಿ ಸಮಾನಾಸಕ್ತರನ್ನು ಕೂಡಿಕೊಂಡು ವಿಜ್ಞಾನದ ಪಾರಿಭಾಷಿಕ ಪದಗಳನ್ನು ತಮಿಳಿನಲ್ಲಿ ರೂಪಿಸುವ ಸಂಘವೊಂದನ್ನು ಅವರು ಕಟ್ಟಿದರು. ಅದೇ ಕಾಲಕ್ಕೆ ಬೆಂಗಳೂರಿನಲ್ಲಿ, 1915ರಲ್ಲಿ, ಕರ್ನಾಟಕ ಸಾಹಿತ್ಯ ಪರಿಷತ್ತು ಸ್ಥಾಪನೆಯಾಗಿತ್ತು. ಸೆಂಟ್ರಲ್ ಕಾಲೇಜಿನ ಬೆಳ್ಳಾವೆ ವೆಂಕಟನಾರಣಪ್ಪನವರು ಕನ್ನಡದಲ್ಲಿ ವಿಜ್ಞಾನವನ್ನು ಹೇಳುವ ಕೆಲಸಕ್ಕೆ ತೊಡಗಿದ್ದರು. ಗಡಿಯ ಎರಡು ಬದಿಗೂ ದೇಶಭಾಷೆಗಳಲ್ಲಿ ಹೊಸ ವಿದ್ಯೆಯನ್ನು ನುಡಿಯುವ ಹಂಬಲ ಒಂದೇ ಹೊತ್ತಿಗೆ ಮೂಡಿತ್ತು.

ಸಂಸಾರದಲ್ಲಿ ಮಾತ್ರ ಆ ವರ್ಷಗಳು ಕಠಿಣವಾದವು. 1897ರಲ್ಲಿ ಕೈಹಿಡಿದ ಅಲಮೇಲು ಮಂಗಮ್ಮ, ಐದು ಮಕ್ಕಳನ್ನು ಬಿಟ್ಟು ಎಳೆಯ ವಯಸ್ಸಿನಲ್ಲಿಯೇ ತೀರಿಕೊಂಡರು. ರಾಜಾಜಿಯವರಿಗೆ ಆಗ ನಲವತ್ತೂ ತುಂಬಿರಲಿಲ್ಲ. ಮರುಮದುವೆಯಾಗದೆ ಮಕ್ಕಳನ್ನು ತಾವೇ ಸಾಕಿದರು. ಪೇಟೆಯಲ್ಲಿ ನೂರಾರು ಪರಿಚಿತರಿದ್ದರೂ ಇಂಥ ದುಃಖವನ್ನು ಹೇಳಿಕೊಳ್ಳಲು ಎಲ್ಲರೂ ಆಗಿಬರುವುದಿಲ್ಲ. ಪದವಿ, ಪ್ರತಿಷ್ಠೆ ಯಾವುದೂ ಇಲ್ಲದಿದ್ದ ದಿನಗಳಲ್ಲಿ ನಮ್ಮನ್ನು ಬಲ್ಲವರ ಮುಂದೆ ಮಾತ್ರ ಮನಸ್ಸು ಬಿಚ್ಚಿಕೊಳ್ಳುತ್ತದೆ. ಸೇಲಂ ಮತ್ತು ಮೈಸೂರು ಸೀಮೆಗಳ ನಡುವೆ ಕಾಗದಗಳು ಓಡಾಡುತ್ತಲೇ ಇದ್ದವು. ರಾಜಾಜಿಯವರು ಕಾಗದ ಬರೆಯುವುದರಲ್ಲಿ ಜೀವನಪರ್ಯಂತ ನಿಯಮವಂತರು. ಅವರ ಜೀವನಚರಿತ್ರೆಯನ್ನು ಬರೆಯಹೊರಟವರಿಗೆ ರಾಮರಾಯರೊಂದಿಗಿನ ಪತ್ರವ್ಯವಹಾರ ಮುಖ್ಯ ಆಕರಗಳಲ್ಲಿ ಒಂದಾಗಿ ಒದಗಿತು. ಸಾರ್ವಜನಿಕ ವೇದಿಕೆಯಲ್ಲಿ ಒಂದು ಮಾತನ್ನೂ ಅಳೆದು ತೂಗಿ ಆಡುತ್ತಿದ್ದ ಮನುಷ್ಯನ ಒಳಮನಸ್ಸನ್ನು ಅರಿಯಲು ಹಳೆಯ ಸಹಪಾಠಿಗೆ ಬರೆದ ಕಾಗದಗಳೇ ಬೇಕಾದವು.

ಈ ಸ್ನೇಹಕ್ಕೆ ನಿಜವಾದ ಪರೀಕ್ಷೆ ಬಂದದ್ದು 1919ರ ನಂತರ. ರೌಲತ್ ಕಾಯಿದೆಯ ವಿರುದ್ಧ ದೇಶ ಎದ್ದು ನಿಂತ ವರ್ಷದಲ್ಲಿ ರಾಜಾಜಿಯವರು ಸೇಲಂ ಬಿಟ್ಟು ಮದರಾಸಿಗೆ ಬಂದರು; ಗಾಂಧೀಜಿ ಅವರ ಮನೆಯಲ್ಲಿ ತಂಗಿದರು. ಬಳಿಕ ರಾಜಾಜಿಯವರು ಸಾವಿರಾರು ರೂಪಾಯಿ ವರಮಾನದ ವಕೀಲಿಯನ್ನು ತೊರೆದು ಅಸಹಕಾರ ಚಳವಳಿಗೆ ಧುಮುಕಿದರು. 1921ರ ಡಿಸೆಂಬರಿನಲ್ಲಿ ಬಂಧನ, ವೆಲ್ಲೂರಿನ ಸೆರೆಮನೆ. ಅತ್ತ ರಾಮರಾಯರು ಬ್ರಿಟಿಷ್ ಪರಮಾಧಿಕಾರಕ್ಕೆ ಒಳಪಟ್ಟ ಸಂಸ್ಥಾನದ ಅಧಿಕಾರಿ. ಒಬ್ಬರು ಸರ್ಕಾರದ ಕಚೇರಿಯ ಒಳಗೆ, ಇನ್ನೊಬ್ಬರು ಸರ್ಕಾರದ ಸೆರೆಮನೆಯ ಒಳಗೆ. ಇಂಥ ಹೊತ್ತಿನಲ್ಲಿ ಸ್ನೇಹವನ್ನು ಕೈಬಿಡಲು ಎರಡು ಸುಲಭವಾದ ನೆಪಗಳಿರುತ್ತವೆ. ಕಚೇರಿಯಲ್ಲಿರುವವನು ಅಂಜಿಕೆಯಿಂದ ದೂರ ಸರಿಯಬಹುದು. ಸೆರೆಗೆ ಹೋದವನು ತನ್ನ ತ್ಯಾಗದ ಹೆಮ್ಮೆಯಿಂದ ಇನ್ನೊಬ್ಬನನ್ನು ಕೀಳಾಗಿ ಕಾಣಬಹುದು. ಇಬ್ಬರೂ ಈ ನೆಪಗಳನ್ನು ಬಳಸಲಿಲ್ಲ. ನೌಕರಿಯನ್ನು ಬಿಟ್ಟು ಬಾರದ ಗೆಳೆಯನನ್ನು ರಾಜಾಜಿ ಬಿಡಲಿಲ್ಲ. ಸೆರೆಗೆ ಹೋದ ಗೆಳೆಯನಿಂದ ರಾಮರಾಯರು ಬೇರೆಯಾಗಲಿಲ್ಲ. ಪ್ರಾಮಾಣಿಕವಾಗಿ ನಡೆಸುವ ಅಮಲ್ದಾರಿಕೆಯೂ ಜನಸೇವೆಯೇ ಎಂಬ ಅರಿವು ಒಬ್ಬರಿಗೂ, ಸೆರೆಮನೆಯೂ ಒಂದು ಕರ್ತವ್ಯವೇ ಎಂಬ ಅರಿವು ಇನ್ನೊಬ್ಬರಿಗೂ ಇದ್ದವು.

1925ರಲ್ಲಿ ರಾಜಾಜಿಯವರು ಮತ್ತೆ ಸೇಲಂ ಜಿಲ್ಲೆಗೆ ಮರಳಿದರು. ತಿರುಚೆಂಗೋಡಿನ ಸಮೀಪದ ಪುದುಪಾಳಯಂನಲ್ಲಿ ಗಾಂಧಿ ಆಶ್ರಮವನ್ನು ಸ್ಥಾಪಿಸಿ, ಗುಡಿಸಲಿನಲ್ಲಿ ವಾಸಿಸುತ್ತ ಖಾದಿ, ಅಸ್ಪೃಶ್ಯತಾ ನಿವಾರಣೆ, ಪಾನನಿರೋಧದ ಕೆಲಸಗಳಿಗೆ ತಮ್ಮನ್ನು ಒಪ್ಪಿಸಿಕೊಂಡರು. ಮಳೆ ಕೈಕೊಟ್ಟ ಆ ಬಡ ಸೀಮೆಯ ಹೆಂಗಸರಿಗೆ ರಾಟೆಯ ಕೂಲಿ ಊಟದ ದಾರಿಯಾಯಿತು. ಪಾನನಿರೋಧದ ಪ್ರಚಾರಕ್ಕಾಗಿ ಅಲ್ಲಿಂದಲೇ ‘ವಿಮೋಚನಂ’ ಎಂಬ ತಮಿಳು ಪತ್ರಿಕೆ ಹೊರಟಿತು. ಅದರ ಕೆಲಸದಲ್ಲಿ ನೆರವಾದ ತರುಣ ಲೇಖಕರೇ ಮುಂದೆ ‘ಕಲ್ಕಿ’ ಎಂದು ಪ್ರಸಿದ್ಧರಾದ ಕೃಷ್ಣಮೂರ್ತಿ. ಕಿರಿಯನೊಬ್ಬನನ್ನು ಸರಿಸಮನಾಗಿ ಕಾಣುವ ಸ್ನೇಹ ಅದು. 1937ರಲ್ಲಿ ಮದರಾಸು ಆಧಿಪತ್ಯದ ಪ್ರಧಾನಿಯಾದಾಗ ರಾಜಾಜಿಯವರು ಪಾನನಿರೋಧವನ್ನು ಮೊದಲು ಜಾರಿಗೆ ತಂದದ್ದು ತಮ್ಮ ಸ್ವಂತ ಜಿಲ್ಲೆಯಾದ ಸೇಲಂನಲ್ಲಿಯೇ. ಆಗಿನ ಸೇಲಂ ಜಿಲ್ಲೆಯೆಂದರೆ ಧರ್ಮಪುರಿ, ಕೃಷ್ಣಗಿರಿ, ಹೊಸೂರುಗಳೂ ಸೇರಿದ ವಿಶಾಲ ಸೀಮೆ.

ನಡುವೆ 1927ರ ಬೇಸಿಗೆಯಲ್ಲಿ ಗಾಂಧೀಜಿಯವರ ಆರೋಗ್ಯ ಕೆಟ್ಟಾಗ ವಿಶ್ರಾಂತಿಗೆ ಆರಿಸಿಕೊಂಡದ್ದು ಮೈಸೂರು ಸಂಸ್ಥಾನವನ್ನು. ನಂದಿಬೆಟ್ಟದಲ್ಲಿ ಕೆಲವು ವಾರ, ಬೆಂಗಳೂರಿನ ಕುಮಾರಪಾರ್ಕಿನಲ್ಲಿ ಕೆಲವು ವಾರ. ರಾಜಾಜಿಯವರು ಜೊತೆಯಲ್ಲಿದ್ದರು. ಹದಿಮೂರರ ಹರೆಯದಲ್ಲಿ ಪುಸ್ತಕ ಹಿಡಿದು ಬಂದಿದ್ದ ನಗರಕ್ಕೆ, ಸುಮಾರು ಮೂವತ್ತೈದು ವರ್ಷಗಳ ಬಳಿಕ, ದೇಶದ ನಾಯಕರಲ್ಲಿ ಒಬ್ಬರಾಗಿ ಬಂದಂತಾಯಿತು. ಗಾಂಧೀಜಿಯವರ ಕಿರಿಯ ಮಗ ದೇವದಾಸ ಮತ್ತು ರಾಜಾಜಿಯವರ ಮಗಳು ಲಕ್ಷ್ಮಿ ಪರಸ್ಪರ ಮೆಚ್ಚಿಕೊಂಡದ್ದೂ ಈ ಕಾಲಘಟ್ಟದಲ್ಲಿಯೇ. ಹಿರಿಯರಿಬ್ಬರೂ ಕೂಡಲೇ ಒಪ್ಪದೆ, ಐದು ವರ್ಷ ಕಾಯುವಂತೆ ವಿಧಿಸಿದರು. ಕಾಲದ ಪರೀಕ್ಷೆಯಲ್ಲಿ ಗೆದ್ದ ಮೇಲೆ 1933ರಲ್ಲಿ ಮದುವೆ ನಡೆಯಿತು. ಒಲವಾಗಲಿ ಗೆಳೆತನವಾಗಲಿ ಕಾಲವನ್ನು ಸಹಿಸಿ ನಿಂತರೆ ಮಾತ್ರ ನಂಬಿಕೆಗೆ ಅರ್ಹ ಎಂಬುದು ರಾಜಾಜಿಯವರ ಸ್ವಭಾವಕ್ಕೆ ಒಪ್ಪುವ ಮಾತೇ ಆಗಿತ್ತು.

ರಾಜಾಜಿಯವರ ಜೀವನದಲ್ಲಿ ಇನ್ನೊಂದು ಸ್ನೇಹವಿದೆ. ಅದರ ದಾರಿ ಸಂಪೂರ್ಣ ಭಿನ್ನ. ಅವರು ಸೇಲಂ ನಗರಸಭೆಯ ಅಧ್ಯಕ್ಷರಾಗಿದ್ದ ಕಾಲದಲ್ಲಿಯೇ ನೆರೆಯ ಈರೋಡಿನ ನಗರಸಭೆಯ ಅಧ್ಯಕ್ಷರಾಗಿದ್ದವರು ಇ. ವಿ. ರಾಮಸಾಮಿ, ಮುಂದೆ ಪೆರಿಯಾರ್ ಎಂದು ಪ್ರಸಿದ್ಧರಾದವರು. ಅವರ ಮನೆಮಾತು ಕನ್ನಡ. ಒಬ್ಬರು ವೈದಿಕ ಮನೆತನದ ವಕೀಲರು, ಇನ್ನೊಬ್ಬರು ವ್ಯಾಪಾರಿ ಮನೆತನದವರು. ಕಾಲೇಜಿನ ಮೆಟ್ಟಿಲನ್ನೇ ಹತ್ತದವರು. ರಾಜಾಜಿಯವರ ಒತ್ತಾಸೆಯೂ ಸೇರಿ ಪೆರಿಯಾರರು ಕಾಂಗ್ರೆಸ್ಸಿಗೆ ಬಂದರು. ಖಾದಿಯ ಗಂಟನ್ನು ಹೆಗಲ ಮೇಲೆ ಹೊತ್ತು ಮಾರಿದರು. ಆದರೆ 1925ರಲ್ಲಿ, ಪ್ರಾತಿನಿಧ್ಯದ ಪ್ರಶ್ನೆಯಲ್ಲಿ ಬೇಸತ್ತು, ಕಾಂಗ್ರೆಸ್ಸನ್ನು ತೊರೆದು ಹೊರಬಂದರು. ಅಲ್ಲಿಂದ ಮುಂದೆ ರಾಜಕೀಯದಲ್ಲಿ ಇಬ್ಬರೂ ಎದುರಾಳಿಗಳು. 1938ರಲ್ಲಿ ರಾಜಾಜಿಯವರ ಸರ್ಕಾರ ಶಾಲೆಗಳಲ್ಲಿ ಹಿಂದಿಯನ್ನು ಕಡ್ಡಾಯಗೊಳಿಸಿದಾಗ ಪೆರಿಯಾರರು ಚಳವಳಿ ಹೂಡಿದರು. ಸರ್ಕಾರ ಅವರನ್ನು ಬಂಧಿಸಿತು. ಆಗ ಮದರಾಸು ಆಧಿಪತ್ಯಕ್ಕೆ ಸೇರಿದ್ದ ನಮ್ಮ ಬಳ್ಳಾರಿಯ ಸೆರೆಮನೆಯಲ್ಲಿ ಅವರು ಸೆರೆಯನ್ನು ಅನುಭವಿಸಿದರು. 1953ರಲ್ಲಿ ಮುಖ್ಯಮಂತ್ರಿಯಾಗಿದ್ದ ರಾಜಾಜಿ, ಮಕ್ಕಳಿಗೆ ಅರ್ಧ ದಿನ ಶಾಲೆ, ಉಳಿದ ಹೊತ್ತು ಮನೆಯ ಕಸುಬು ಎಂಬ ಶಿಕ್ಷಣ ಯೋಜನೆಯನ್ನು ತಂದಾಗ, ಅದು ಜಾತಿಯ ಕಟ್ಟನ್ನು ಬಿಗಿಗೊಳಿಸುತ್ತದೆಂದು ಪೆರಿಯಾರರು ಉಗ್ರವಾಗಿ ವಿರೋಧಿಸಿದರು. ವಿರೋಧ ಬೆಳೆದು 1954ರಲ್ಲಿ ರಾಜಾಜಿ ಅಧಿಕಾರ ಬಿಡಬೇಕಾಯಿತು.

ಇಷ್ಟಾದರೂ 1949ರಲ್ಲಿ, ತಮ್ಮ ಖಾಸಗಿ ಬದುಕಿನ ಒಂದು ದೊಡ್ಡ ನಿರ್ಧಾರದ ಮುಂಚೆ, ಪೆರಿಯಾರರು ಸಲಹೆ ಕೇಳಲು ತಿರುವಣ್ಣಾಮಲೈಗೆ ಹೋಗಿ ಭೇಟಿಯಾದದ್ದು ಆಗ ಗವರ್ನರ್ ಜನರಲ್ ಆಗಿದ್ದ ಇದೇ ರಾಜಾಜಿಯವರನ್ನು. ಆ ಭೇಟಿಯ ಕುರಿತು ಹೊರಗೆ ಬಗೆಬಗೆಯ ಊಹಾಪೋಹಗಳು ಹಬ್ಬಿದವು. ಪೆರಿಯಾರರ ಅನುಯಾಯಿಗಳಲ್ಲಿಯೇ ಒಡಕು ಮೂಡಿತು. ಆದರೂ ಒಳಗೆ ನಡೆದ ಮಾತನ್ನು ಇಬ್ಬರೂ ಬಹುಕಾಲ ಬಹಿರಂಗಪಡಿಸಲಿಲ್ಲ. ರಾಜಕೀಯ ವೇದಿಕೆಯಲ್ಲಿ ಪರಸ್ಪರ ಖಂಡಿಸಿದವರು ಗೆಳೆತನದ ಗುಟ್ಟನ್ನು ಮಾತ್ರ ಕಾಯ್ದುಕೊಂಡರು.

ಈ ಎರಡು ಸ್ನೇಹಗಳನ್ನು ಅಕ್ಕಪಕ್ಕದಲ್ಲಿ ಇಟ್ಟು ನೋಡುವುದು ಉಪಯುಕ್ತ. ಪೆರಿಯಾರರೊಂದಿಗಿನ ಸ್ನೇಹ ಒಂದು ಸಾರ್ವಜನಿಕ ಕೆಲಸದ ಸುತ್ತ ಹುಟ್ಟಿತು. ಕೆಲಸ ಬೇರೆಯಾದಾಗ ಅದು ಗಾಯಗೊಂಡಿತು; ಪರಸ್ಪರ ಗೌರವವಿದ್ದುದರಿಂದ ಸಾಯಲಿಲ್ಲ. ರಾಮರಾಯರೊಂದಿಗಿನ ಸ್ನೇಹ ಯಾವ ಕಾರ್ಯವನ್ನೂ ಆಧರಿಸಿರಲಿಲ್ಲ. ಏನಾಗುತ್ತೇವೆಂದು ಇಬ್ಬರಿಗೂ ತಿಳಿಯದಿದ್ದ ವಯಸ್ಸಿನಲ್ಲಿ, ಓದಿನ ಸಂತೋಷವೊಂದನ್ನೇ ನೆಚ್ಚಿ ಅದು ಹುಟ್ಟಿತು. ಆದ್ದರಿಂದ ಏನೇ ಆದರೂ ಅದಕ್ಕೆ ಪೆಟ್ಟು ತಗಲುವ ಸ್ಥಳವೇ ಇರಲಿಲ್ಲ. ಕಾಲೇಜಿನ ಸ್ನೇಹಕ್ಕಿರುವ ವಿಶೇಷ ಬಲ ಇದು.

ರಾಜಾಜಿಯವರಿಗೆ ಈ ಬಲ ಬೇಕಾದ ಸಂದರ್ಭಗಳು ಹಲವು. 1942ರಲ್ಲಿ ಅವರು ಕಾಂಗ್ರೆಸ್ಸಿನ ನಿಲುವನ್ನು ಒಪ್ಪಲಿಲ್ಲ. ಮುಸ್ಲಿಂ ಲೀಗಿನ ಬೇಡಿಕೆಯ ತಿರುಳನ್ನು ಒಪ್ಪಿ ರಾಜಿ ಮಾಡಿಕೊಳ್ಳಬೇಕೆಂದರು. ‘ಭಾರತ ಬಿಟ್ಟು ತೊಲಗಿ’ ಚಳವಳಿ ಆ ಹೊತ್ತಿಗೆ ತಕ್ಕದ್ದಲ್ಲವೆಂದರು. ಕಾಂಗ್ರೆಸ್ಸಿನಿಂದ ಹೊರಬಂದರು. ಇಪ್ಪತ್ತು ವರ್ಷಗಳ ಸಂಗಾತಿಗಳೆಲ್ಲ ಸೆರೆಮನೆಯಲ್ಲಿರುವಾಗ ತಾವೊಬ್ಬರೇ ಹೊರಗೆ, ಜನರ ಕೋಪಕ್ಕೆ ಗುರಿಯಾಗಿ ನಿಂತರು. ಆ ನಿಲುವು ಸರಿಯೋ ತಪ್ಪೋ ಎಂಬ ಚರ್ಚೆ ಇತಿಹಾಸಕಾರರಲ್ಲಿ ಇಂದಿಗೂ ಮುಗಿದಿಲ್ಲ. ಮುಂದೆ 1948ರ ಜೂನಿನಿಂದ 1950ರ ಜನವರಿಯವರೆಗೆ ಅವರು ದೇಶದ ಗವರ್ನರ್ ಜನರಲ್ ಆದರು. ಆ ಪದವಿಗೇರಿದ ಏಕಮಾತ್ರ ಭಾರತೀಯರು ಅವರೇ. 1954ರಲ್ಲಿ ಭಾರತರತ್ನ ಬಂದಿತು. 1959ರಲ್ಲಿ, ಎಂಬತ್ತರ ವಯಸ್ಸಿನಲ್ಲಿ, ಹಳೆಯ ಒಡನಾಡಿ ನೆಹರೂ ಅವರ ಆರ್ಥಿಕ ನೀತಿಯನ್ನು ವಿರೋಧಿಸಿ ಸ್ವತಂತ್ರ ಪಕ್ಷವನ್ನು ಕಟ್ಟಿದರು. ಶಾಲೆಗಳಿಗೆ ಹಿಂದಿಯನ್ನು ತಂದವರೇ 1960ರ ದಶಕದಲ್ಲಿ ಹಿಂದಿಯ ಹೇರಿಕೆಯನ್ನು ವಿರೋಧಿಸಿದರು. ಹೀಗೆ ಮತ್ತೆ ಮತ್ತೆ ಪಕ್ಷವನ್ನೂ ಬಳಗವನ್ನೂ ಬಿಟ್ಟು ಒಂಟಿಯಾಗಿ ನಿಲ್ಲುವ ಮನುಷ್ಯನಿಗೆ, ತನ್ನ ಅಭಿಪ್ರಾಯಗಳಿಗಿಂತ ಹಿಂದಿನಿಂದ ತನ್ನನ್ನು ಬಲ್ಲ ಒಬ್ಬ ಗೆಳೆಯನಿರುವುದು ದೊಡ್ಡ ಆಸರೆ.

ಇಬ್ಬರು ಗೆಳೆಯರೂ ಇಳಿವಯಸ್ಸಿನಲ್ಲಿ ಮತ್ತೆ ತಮ್ಮ ಮೊದಲ ಪ್ರೀತಿಯಾದ ಸಾಹಿತ್ಯಕ್ಕೆ ಮರಳಿದ್ದು ಗಮನಾರ್ಹ. ರಾಜಾಜಿಯವರು ಮಹಾಭಾರತ, ರಾಮಾಯಣಗಳನ್ನು ಸರಳ ತಮಿಳಿನಲ್ಲಿಯೂ ಇಂಗ್ಲಿಷಿನಲ್ಲಿಯೂ ಹೇಳಿದರು. ಅವರ ತಮಿಳು ರಾಮಾಯಣಕ್ಕೆ 1958ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು. ತಾವು ಹಿಡಿದ ಪದವಿಗಳಿಗಿಂತ ಈ ಪುಸ್ತಕಗಳ ಬಗೆಗೇ ಅವರಿಗೆ ಹೆಚ್ಚಿನ ತೃಪ್ತಿಯಿತ್ತು. ರಾಮರಾಯರು ಅಧಿಕಾರದ ದಿನಗಳಲ್ಲಿ ಕಂಡ ರೈತರನ್ನೂ ಶಾನುಭೋಗರನ್ನೂ ಕಳ್ಳರನ್ನೂ ಸಾಧುಗಳನ್ನೂ ‘ಕೆಲವು ನೆನಪುಗಳು’ ಕೃತಿಯಲ್ಲಿ ಜೀವಂತಗೊಳಿಸಿದರು. ಒಬ್ಬರು ಪುರಾಣದ ಮಹಾಪಾತ್ರಗಳನ್ನು ಮಕ್ಕಳಿಗೂ ತಿಳಿಯುವಂತೆ ಹೇಳಿದರೆ, ಇನ್ನೊಬ್ಬರು ಹಳ್ಳಿಯ ಸಾಮಾನ್ಯರಲ್ಲಿ ಮಹತ್ತ್ವವನ್ನು ಕಂಡರು. ಇಬ್ಬರ ಗದ್ಯದಲ್ಲಿಯೂ ಆಡಂಬರವಿಲ್ಲ, ಬೇಡದ ಮಾತಿಲ್ಲ.

ರಾಮರಾಯರು ಗೆಳೆಯನಿಗಿಂತ ಮೊದಲೇ ತೀರಿಕೊಂಡರು. ರಾಜಾಜಿಯವರು 1972ರ ಡಿಸೆಂಬರ್ 25ರಂದು, ತೊಂಬತ್ತನಾಲ್ಕರ ತುಂಬುಜೀವನದ ಬಳಿಕ, ಮದರಾಸಿನಲ್ಲಿ ನಿಧನರಾದರು. ಅಂತ್ಯಸಂಸ್ಕಾರಕ್ಕೆ ಗಾಲಿಕುರ್ಚಿಯಲ್ಲಿ ಬಂದ ತೊಂಬತ್ತಮೂರರ ಪೆರಿಯಾರರು ಚಿತೆಯ ಬಳಿ ಮಗುವಿನಂತೆ ಅತ್ತರು. ಅರ್ಧ ಶತಮಾನ ಕಾಲ ಅವರಿಬ್ಬರ ವಾಗ್ವಾದವನ್ನೇ ಕೇಳಿದ್ದ ಜನ ಆ ಕಣ್ಣೀರನ್ನು ಕಂಡು ಬೆರಗಾದರು. ಮರುವರ್ಷ ಡಿಸೆಂಬರ್ 24ರಂದು, ವರ್ಷ ತುಂಬಲು ಒಂದು ದಿನ ಉಳಿದಿರುವಾಗ, ಪೆರಿಯಾರರೂ ತೀರಿಕೊಂಡರು.

ಈ ವರ್ಷ ಕಾಲೇಜಿಗೆ ಹೊಸದಾಗಿ ಬಂದಿರುವ ವಿದ್ಯಾರ್ಥಿಗಳಲ್ಲಿ ಗಡಿಯ ಆಚೆಯಿಂದ ಬಂದವರಿದ್ದಾರೆ, ಮನೆಯಲ್ಲಿ ಬೇರೆ ನುಡಿಯಾಡುವವರಿದ್ದಾರೆ, ತರಗತಿಯ ಹಿಂದಿನ ಸಾಲಿನಲ್ಲಿ ಮೌನವಾಗಿ ಕುಳಿತವರೂ ಇದ್ದಾರೆ. ತೊರಪಳ್ಳಿಯ ದುರ್ಬಲ ಬಾಲಕನೂ ಒಂದು ದಿನ ಹಾಗೆಯೇ ಕುಳಿತಿದ್ದನು. ಅವನ ಪಕ್ಕಕ್ಕೆ ಬಂದು ಮಾತನಾಡಿಸಿದವನಿಗೆ ತಾನು ದೇಶದ ಮುಂದಿನ ಗವರ್ನರ್ ಜನರಲ್ಲನ ಸ್ನೇಹ ಸಂಪಾದಿಸುತ್ತಿದ್ದೇನೆಂದು ತಿಳಿದಿರಲಿಲ್ಲ. ತಿಳಿದಿದ್ದರೆ ಆ ಸ್ನೇಹ ಅಷ್ಟು ಕಾಲ ಬಾಳುತ್ತಲೂ ಇರಲಿಲ್ಲ. ‘ಕೆಲವು ನೆನಪುಗಳು’ ಕೃತಿಯನ್ನು ಐಚ್ಛಿಕ ಕನ್ನಡದ ಪ್ರತಿಯೊಬ್ಬ ವಿದ್ಯಾರ್ಥಿಯೂ ಓದಬೇಕು. ಓದಿ ಮುಗಿಸಿದ ಮೇಲೆ ಪಕ್ಕದಲ್ಲಿ ಕುಳಿತವರ ಕೈಗೆ ಅದನ್ನು ದಾಟಿಸಿ, ಅವರೊಡನೆ ಅದರ ಬಗೆಗೆ ಮಾತನಾಡಬೇಕು. ಸೆಂಟ್ರಲ್ ಕಾಲೇಜಿನ ಆ ಗೆಳೆತನ ಆರಂಭವಾದದ್ದು ಹಾಗೆಯೇ, ಒಂದು ಪುಸ್ತಕದ ಮೇಲಿನ ಮಾತಿನಿಂದ.